4,61,98,152: ದೊಡ್ಡ ಸಂಖ್ಯೆಯೊಂದನ್ನು ಕೈಯಾರೆ ಬಿಡಿಸುವ ಬಗೆ

ಎಂಟು ಅಂಕಿಗಳ ಸಂಖ್ಯೆಯೊಂದನ್ನು ಮುಂದಿಟ್ಟು "ಇದರ ಬಗ್ಗೆ ಏನಾದರೂ ಹೇಳಿ" ಅಂದರೆ ಹೆಚ್ಚಿನವರು ಸಮವೋ ಬೆಸವೋ ಹೇಳಿ ಸುಮ್ಮನಾಗುತ್ತಾರೆ. ಮಿಕ್ಕಿದ್ದಕ್ಕೆಲ್ಲ ಕಂಪ್ಯೂಟರೇ ಬೇಕು ಅನ್ನುವ ಭಾವನೆ. ಬೇಕಿಲ್ಲ. ಒಂದು ಹಾಳೆ, ಒಂದು ಪೆನ್ನು, ಒಂದು ಗಂಟೆಯ ಬಿಡುವು ಇದ್ದರೆ ಸಾಕು. ಆ ಸಂಖ್ಯೆಗೆ ಎಷ್ಟು ಭಾಜಕಗಳಿವೆ, ಅವನ್ನೆಲ್ಲ ಕೂಡಿದರೆ ಎಷ್ಟಾಗುತ್ತದೆ, ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುತ್ತದೆಯೇ, ಇಷ್ಟನ್ನೂ ಕೈಲೆಕ್ಕದಲ್ಲೇ ಹೇಳಬಹುದು.

ಕೀಲಿ ಇರುವುದು ಒಂದೇ ಕಡೆ. ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಬೇಕು. ಅದು ಸಿಕ್ಕಿತೋ, ಉಳಿದದ್ದೆಲ್ಲ ಒಂದೆರಡು ಸಾಲಿನ ಗುಣಾಕಾರ. ಸಿಗಲಿಲ್ಲವೋ, ಎಷ್ಟು ಹೊತ್ತು ದಿಟ್ಟಿಸಿದರೂ ಸಂಖ್ಯೆ ಬಾಯಿ ಬಿಡುವುದಿಲ್ಲ. ಹಾಗಾಗಿ ಈ ಲೇಖನದ ಅರ್ಧ ಭಾಗ ಒಡೆಯುವ ಕೆಲಸಕ್ಕೇ ಹೋಗುತ್ತದೆ.

ಉದಾಹರಣೆಗೆ 4,61,98,152 ಅನ್ನು ತೆಗೆದುಕೊಂಡಿದ್ದೇನೆ. ಇದನ್ನೇ ಯಾಕೆ ಆರಿಸಿಕೊಂಡೆ ಅನ್ನುವುದು ನಡುವೆ ಗೊತ್ತಾಗುತ್ತದೆ. ಪಕ್ಕದಲ್ಲಿ ನಿಮಗಿಷ್ಟವಾದ ಇನ್ನೊಂದು ಸಂಖ್ಯೆಯನ್ನು ಬರೆದಿಟ್ಟುಕೊಂಡು ಜೊತೆಜೊತೆಗೇ ಮಾಡುತ್ತಾ ಬನ್ನಿ. ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ, ಬರೆದರೆ ಹತ್ತುತ್ತದೆ.

ಮೊದಲು ಬಾಯಿಬಿಟ್ಟು ಓದಿ, ಆಮೇಲೆ ಅಲ್ಪವಿರಾಮ ತೆಗೆಯಿರಿ

ನಾಲ್ಕು ಕೋಟಿ ಅರವತ್ತೊಂದು ಲಕ್ಷದ ತೊಂಬತ್ತೆಂಟು ಸಾವಿರದ ನೂರ ಐವತ್ತೆರಡು. ಬಾಯಲ್ಲಿ ಹೇಳಿದಾಗ ಎಷ್ಟು ದೊಡ್ಡದು ಅನ್ನುವ ಅಂದಾಜು ಬರುತ್ತದೆ. ಅಷ್ಟಾದ ಮೇಲೆ ಅಲ್ಪವಿರಾಮಗಳನ್ನೆಲ್ಲ ತೆಗೆದು 46198152 ಎಂದು ಬಿಡಿಬಿಡಿಯಾಗಿ ಬರೆದುಕೊಳ್ಳಿ. ಇದಕ್ಕೆ ಕಾರಣ ಇದೆ. ಮುಂದೆ ಅಂಕಿಗಳನ್ನು ಒಮ್ಮೆ ಎರಡೆರಡಾಗಿ, ಒಮ್ಮೆ ಮೂರುಮೂರಾಗಿ ಗುಂಪು ಮಾಡಬೇಕಾಗುತ್ತದೆ. ಲಕ್ಷ, ಕೋಟಿ ಲೆಕ್ಕದ ಅಲ್ಪವಿರಾಮ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು ಅಂಕಿಗೆ ಬೀಳುತ್ತದೆ. ಅದನ್ನೇ ಗುಂಪು ಅಂದುಕೊಂಡರೆ ಇಡೀ ಲೆಕ್ಕ ದಾರಿ ತಪ್ಪುತ್ತದೆ.

ಕೊನೆಯ ಅಂಕಿಗಳು ಹೇಳುವುದು

ಕೊನೆಯ ಅಂಕಿ 2. ಇದೊಂದರಿಂದಲೇ ಮೂರು ವಿಷಯ ಗೊತ್ತಾದವು. ಸಂಖ್ಯೆ ಸಮ. 5ರಿಂದ ಭಾಗವಾಗುವುದಿಲ್ಲ. ಇದು ಪೂರ್ಣ ವರ್ಗವೂ ಅಲ್ಲ, ಯಾಕೆಂದರೆ ಪೂರ್ಣ ವರ್ಗಗಳು 0, 1, 4, 5, 6, 9 ಇವುಗಳಲ್ಲೇ ಕೊನೆಗೊಳ್ಳುತ್ತವೆ. 2, 3, 7, 8 ಕೊನೆಯಲ್ಲಿದ್ದರೆ ವರ್ಗಮೂಲ ತೆಗೆಯುವ ಶ್ರಮವೇ ಬೇಡ.

ಈಗ 2 ಎಷ್ಟು ಸಲ ಒಳಗಿದೆ ನೋಡೋಣ. ಕೊನೆಯ ಎರಡು ಅಂಕಿ 52, ಅದು 4ರಿಂದ ಭಾಗವಾಗುತ್ತದೆ. ಕೊನೆಯ ಮೂರು ಅಂಕಿ 152, ಅದು 8 × 19. ಕೊನೆಯ ನಾಲ್ಕು 8152, ಅದನ್ನು 16ರಿಂದ ಭಾಗಿಸಿದರೆ 8 ಉಳಿಯುತ್ತದೆ. ಅಂದರೆ 2 ಸರಿಯಾಗಿ ಮೂರು ಸಲ ಇದೆ, ನಾಲ್ಕನೆಯದು ಇಲ್ಲ. ಈ ಉಪಾಯ ನಡೆಯುವುದು 100 ಸಂಖ್ಯೆ 4ರಿಂದಲೂ, 1000 ಸಂಖ್ಯೆ 8ರಿಂದಲೂ, 10000 ಸಂಖ್ಯೆ 16ರಿಂದಲೂ ಪೂರ್ತಿ ಭಾಗವಾಗುವುದರಿಂದ. ಎಡಗಡೆಯ ಅಂಕಿಗಳು ಏನೇ ಇದ್ದರೂ ಶೇಷವನ್ನು ಕೆಡಿಸಲಾರವು.

ಅಂಕಿಗಳನ್ನು ಕೂಡಿದರೆ

4 + 6 + 1 + 9 + 8 + 1 + 5 + 2 = 36. ಇದು 9ರಿಂದ ಭಾಗವಾಗುತ್ತದೆ, ಹಾಗಾಗಿ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಶಾಲೆಯಲ್ಲಿ ಎಲ್ಲರೂ ಕಲಿತ ನಿಯಮ ಇದು, ಆದರೆ ಕಾರಣ ಹೇಳಿಕೊಟ್ಟದ್ದು ಕಡಿಮೆ. 10 ಅಂದರೆ 9 + 1, 100 ಅಂದರೆ 99 + 1, 1000 ಅಂದರೆ 999 + 1. ಪ್ರತಿ ಸ್ಥಾನ ಬೆಲೆಯಿಂದ 9ರ ಪಾಲನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಅಂಕಿ. ಅವನ್ನು ಕೂಡಿದ್ದೇ ಅಂಕಿಗಳ ಮೊತ್ತ.

ಒಂದು ಎಚ್ಚರಿಕೆ. 3ಕ್ಕೆ ನಡೆಯಿತು, 9ಕ್ಕೆ ನಡೆಯಿತು, ಹಾಗಾದರೆ 27ಕ್ಕೂ ನಡೆಯುತ್ತದೆ ಅಂದುಕೊಳ್ಳುವವರು ಬಹಳ ಜನ. ನಡೆಯುವುದಿಲ್ಲ. 27ರ ಅಂಕಿಗಳ ಮೊತ್ತವೇ 9, ಅದು 27ರಿಂದ ಭಾಗವಾಗುವುದಿಲ್ಲ ಅಲ್ವಾ? 3 ಎಷ್ಟು ಸಲ ಇದೆ ಎಂದು ತಿಳಿಯಬೇಕಾದರೆ 9ರಿಂದ ಭಾಗಿಸಿ, ಬಂದ ಭಾಗಲಬ್ಧದ ಅಂಕಿಗಳನ್ನು ಮತ್ತೆ ಕೂಡಬೇಕು. ಬೇರೆ ಅಡ್ಡದಾರಿ ಇಲ್ಲ.

ಎರಡೆರಡು ಅಂಕಿ, ಮೂರುಮೂರು ಅಂಕಿ

ನನಗೆ ಅತಿ ಇಷ್ಟವಾದ ಹಂತ ಇದು. ಬಲಗಡೆಯಿಂದ ಎರಡೆರಡು ಅಂಕಿಯಾಗಿ ಕತ್ತರಿಸಿ: 46, 19, 81, 52. ಕೂಡಿದರೆ 198. ಅದು 2 × 99. ಹಾಗಾಗಿ ಇಡೀ ಸಂಖ್ಯೆ 99ರಿಂದ ಭಾಗವಾಗುತ್ತದೆ. ಒಂದೇ ಏಟಿಗೆ 9 ಮತ್ತು 11 ಎರಡೂ ಸಿಕ್ಕವು. ಕಾರಣ ಹಿಂದಿನದೇ: 100 ಅಂದರೆ 99 + 1.

11ಕ್ಕೆ ಇನ್ನೊಂದು ಪರೀಕ್ಷೆಯೂ ಇದೆ. ಬಲದಿಂದ ಎಡಕ್ಕೆ ಒಂದು ಅಂಕಿ ಕೂಡುತ್ತಾ, ಒಂದು ಕಳೆಯುತ್ತಾ ಹೋಗಬೇಕು: 2 − 5 + 1 − 8 + 9 − 1 + 6 − 4 = 0. ಸೊನ್ನೆ ಬಂತು, ಸರಿ. ಈ ಪರೀಕ್ಷೆ ಬರೀ 11ನ್ನು ಹುಡುಕುವುದಕ್ಕಲ್ಲ, ನಕಲು ಮಾಡುವಾಗ ಆಗುವ ತಪ್ಪನ್ನು ಹಿಡಿಯುವುದಕ್ಕೂ ಬೇಕು. ಒಮ್ಮೆ ನಾನು 46198152 ಬರೆಯುವ ಬದಲು 46198512 ಎಂದು ಬರೆದುಕೊಂಡೆ. 1 ಮತ್ತು 5 ಅದಲುಬದಲಾಗಿದ್ದವು. ಅಂಕಿಗಳ ಮೊತ್ತ ಆಗಲೂ 36 ಇತ್ತು, ಹಾಗಾಗಿ 9ರ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ಎರಡು ಪುಟ ಭಾಗಾಕಾರ ಮಾಡಿದ ಮೇಲೆ 11ರ ಪರೀಕ್ಷೆ ಹಚ್ಚಿದೆ. ಸೊನ್ನೆಯ ಜಾಗದಲ್ಲಿ 8 ಬಂತು. ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಜಾಗ ಬದಲಿಸಿದರೆ 11ರ ಪರೀಕ್ಷೆಯ ಫಲಿತಾಂಶ ಖಂಡಿತ ಬದಲಾಗುತ್ತದೆ. ಅಂದಿನಿಂದ ನಾನು ಯಾವ ದೊಡ್ಡ ಸಂಖ್ಯೆಯನ್ನು ನಕಲು ಮಾಡಿದರೂ ಎರಡೂ ಪರೀಕ್ಷೆ ಮಾಡಿ, ಮೂಲದ ಪಕ್ಕ ಒಂದು, ನಕಲಿನ ಪಕ್ಕ ಒಂದು ಬರೆದು ಹೋಲಿಸುತ್ತೇನೆ. ನೀವೂ ಈ ಅಭ್ಯಾಸ ಮಾಡಿಕೊಳ್ಳಿ.

ಈಗ ಮೂರುಮೂರಾಗಿ ಕತ್ತರಿಸಿ: 46, 198, 152. ಇವನ್ನೂ ಬಲದಿಂದ ಕೂಡಿ ಕಳೆದು ಮಾಡಿ: 152 − 198 + 46 = 0.

ಇಲ್ಲಿ ಸ್ವಲ್ಪ ನಿಲ್ಲಬೇಕು. 1000 ಅಂದರೆ 1001 − 1. ಹಾಗಾಗಿ ಹೀಗೆ ಕೂಡಿ ಕಳೆದಾಗ ಬರುವ ಉತ್ತರ, ಸಂಖ್ಯೆಯನ್ನು 1001ರಿಂದ ಭಾಗಿಸಿದಾಗಿನ ಶೇಷವನ್ನು ಹೇಳುತ್ತದೆ. ಸೊನ್ನೆ ಬಂದರೆ ಸಂಖ್ಯೆ 1001ರಿಂದ ಪೂರ್ತಿ ಭಾಗವಾಗುತ್ತದೆ. 1001 ಯಾವುದು? 7 × 11 × 13. ಮೂರು ಅವಿಭಾಜ್ಯ ಸಂಖ್ಯೆಗಳು ಒಂದೇ ಕಳೆಯುವ ಲೆಕ್ಕದಲ್ಲಿ ಕೈಗೆ ಬಂದವು. 7ಕ್ಕೂ 13ಕ್ಕೂ ಬೇರೆ ಬೇರೆ ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಒಂದು ನಿಯಮ ಎಷ್ಟೋ ವಾಸಿ. ಸೊನ್ನೆ ಬರದಿದ್ದರೂ ನಷ್ಟವಿಲ್ಲ. ಬಂದ ಮೂರಂಕಿಯ ಉತ್ತರವನ್ನು 7, 11, 13ರಿಂದ ಭಾಗಿಸಿ ನೋಡಿದರೆ ಸಾಕು, ಎಂಟಂಕಿಯನ್ನು ಭಾಗಿಸಬೇಕಿಲ್ಲ.

ಒಡೆಯುವ ಕೆಲಸ

ಈವರೆಗೆ ಪರೀಕ್ಷೆಗಳಾದವು. ಈಗ ನಿಜವಾಗಿ ಭಾಗಿಸೋಣ. ಚಿಕ್ಕದರಿಂದ ಶುರು ಮಾಡಿ.

4,61,98,152 ÷ 8 = 57,74,769

ಇದರ ಅಂಕಿಗಳ ಮೊತ್ತ 45. ಇನ್ನೂ 9 ಒಳಗಿದೆ.

57,74,769 ÷ 9 = 6,41,641

ಮತ್ತೆ ಅಂಕಿ ಕೂಡಿದರೆ 22. ಇನ್ನು 3 ಇಲ್ಲ. ಅಲ್ಲಿಗೆ 3 ಎರಡೇ ಸಲ.

ಈಗ 641641 ಅನ್ನು ಅಲ್ಪವಿರಾಮ ಇಲ್ಲದೆ ನೋಡಿ. 641 ಎರಡು ಸಲ ಪಕ್ಕಪಕ್ಕ ನಿಂತಿದೆ. ಮೂರಂಕಿಯ ಯಾವುದೇ ಸಂಖ್ಯೆಯನ್ನು ಎರಡು ಸಲ ಬರೆದರೆ ಅದು ಆ ಸಂಖ್ಯೆಯ 1001 ಪಟ್ಟು. 641 × 1000 ಕ್ಕೆ ಇನ್ನೊಂದು 641 ಕೂಡಿದ ಹಾಗೆ. ಆದ್ದರಿಂದ 6,41,641 = 641 × 7 × 11 × 13. ಅಲ್ಪವಿರಾಮ ಹಾಕಿ 6,41,641 ಎಂದು ಬರೆದಿದ್ದರೆ ಇದು ಇಷ್ಟು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲ.

ಉಳಿದದ್ದು 641. ಇದು ಅವಿಭಾಜ್ಯವೇ? ವರ್ಗಮೂಲದ ತನಕ ನೋಡಿದರೆ ಸಾಕು. ಒಂದು ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆದರೆ ಅವುಗಳಲ್ಲಿ ಒಂದಾದರೂ ವರ್ಗಮೂಲಕ್ಕಿಂತ ದೊಡ್ಡದಾಗಿರಲಾರದು. 641ರ ವರ್ಗಮೂಲ 25ಕ್ಕಿಂತ ತುಸು ಹೆಚ್ಚು. ಹಾಗಾಗಿ 2, 3, 5, 7, 11, 13, 17, 19, 23 ಇಷ್ಟೇ ಪರೀಕ್ಷಿಸಬೇಕು. 7ರಲ್ಲಿ 4 ಉಳಿಯುತ್ತದೆ, 11ರಲ್ಲಿ 3, 13ರಲ್ಲಿ 4, 17ರಲ್ಲಿ 12, 19ರಲ್ಲಿ 14, 23ರಲ್ಲಿ 20. 2, 3, 5 ಇಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ. 641 ಅವಿಭಾಜ್ಯ.

4,61,98,152 = 2³ × 3² × 7 × 11 × 13 × 641

ಚಿಕ್ಕ ಅಪವರ್ತನಗಳನ್ನು ಮೊದಲೇ ತೆಗೆದುಹಾಕಿದ್ದರಿಂದ ಎಷ್ಟು ಶ್ರಮ ಉಳಿಯಿತು ನೋಡಿ. ಇಡೀ ಎಂಟಂಕಿಯ ಸಂಖ್ಯೆಗೆ ವರ್ಗಮೂಲದ ತನಕ ಹೋಗಬೇಕಾಗಿದ್ದರೆ 6,796ರವರೆಗಿನ ಎಂಟುನೂರಕ್ಕೂ ಹೆಚ್ಚು ಅವಿಭಾಜ್ಯಗಳನ್ನು ಪರೀಕ್ಷಿಸಬೇಕಿತ್ತು. ಈಗ ಒಂಬತ್ತರಲ್ಲಿ ಮುಗಿಯಿತು.

ಮುಂದಕ್ಕೆ ಹೋಗುವ ಮುಂಚೆ ವಾಪಸ್ ಗುಣಿಸಿ ನೋಡಿ. 1001 × 641 = 6,41,641. ಅದರ 9 ಪಟ್ಟು 57,74,769. ಅದರ 8 ಪಟ್ಟು 4,61,98,152. ಸರಿ ಇದೆ. ಈ ಒಂದು ನಿಮಿಷದ ಕೆಲಸವನ್ನು ಬಿಡಬೇಡಿ, ಮುಂದಿನದೆಲ್ಲ ಈ ಒಂದು ಸಾಲಿನ ಮೇಲೇ ನಿಂತಿದೆ. ಬೇರೆ ಯಾವ ದಾರಿಯಲ್ಲಿ ಒಡೆದರೂ ಇವೇ ಅವಿಭಾಜ್ಯಗಳು ಇಷ್ಟೇ ಸಲ ಬರುತ್ತವೆ. ಅಂಕಗಣಿತದ ಮೂಲಭೂತ ಪ್ರಮೇಯ ಅನ್ನುವುದು ಇದನ್ನೇ.

ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು

ಒಂದು ಭಾಜಕವನ್ನು ಕಟ್ಟಬೇಕಾದರೆ ಪ್ರತಿ ಅವಿಭಾಜ್ಯದಿಂದ ಎಷ್ಟು ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸಬೇಕು. 2ನ್ನು ಸೊನ್ನೆ, ಒಂದು, ಎರಡು ಅಥವಾ ಮೂರು ಸಲ ತೆಗೆದುಕೊಳ್ಳಬಹುದು, ಅಂದರೆ ನಾಲ್ಕು ಆಯ್ಕೆ. 3ಕ್ಕೆ ಮೂರು ಆಯ್ಕೆ. 7, 11, 13, 641 ಒಂದೊಂದೇ ಇರುವುದರಿಂದ ಬೇಕು ಅಥವಾ ಬೇಡ, ಎರಡೆರಡು ಆಯ್ಕೆ.

4 × 3 × 2 × 2 × 2 × 2 = 192

ಇದು ಜಾಸ್ತಿಯೋ ಕಡಿಮೆಯೋ? ಇಷ್ಟು ದೊಡ್ಡ ಸಂಖ್ಯೆಗಳ ಸುತ್ತಮುತ್ತ ಒಂದು ಸಂಖ್ಯೆಗೆ ಸರಾಸರಿ ಸುಮಾರು 19 ಭಾಜಕಗಳಿರುತ್ತವೆ. ಅದರ ಹತ್ತು ಪಟ್ಟು ಇಲ್ಲಿದೆ. ಆದರೆ ದಾಖಲೆ ಏನಲ್ಲ. ಎಂಟಂಕಿಯ ಸಂಖ್ಯೆಗಳಲ್ಲಿ 7,35,13,440 ಕ್ಕೆ 768 ಭಾಜಕಗಳಿವೆ, ಅದಕ್ಕಿಂತ ಹೆಚ್ಚು ಯಾವುದಕ್ಕೂ ಇಲ್ಲ. ಅದನ್ನು ಒಡೆದರೆ 2⁵ × 3³ × 5 × 7 × 11 × 13 × 17. ಚಿಕ್ಕ ಚಿಕ್ಕ ಅವಿಭಾಜ್ಯಗಳು ತುಂಬಿದ್ದರೆ ಭಾಜಕಗಳು ಹೆಚ್ಚು. ನಮ್ಮ ಸಂಖ್ಯೆಯಲ್ಲಿ 641 ಒಂದೇ ಬಹಳ ಜಾಗ ತಿಂದುಬಿಟ್ಟಿದೆ.

ಮೊತ್ತಕ್ಕೂ ಅದೇ ಬಗೆ. ಪ್ರತಿ ಅವಿಭಾಜ್ಯದ ಘಾತಗಳನ್ನು ಕೂಡಿ ಒಂದೊಂದು ಆವರಣ ಮಾಡಿ, ಆವರಣಗಳನ್ನು ಗುಣಿಸಿ. ಮೊದಲು 12ರಲ್ಲಿ ಮಾಡಿ ನೋಡೋಣ. 12 = 2² × 3. (1 + 2 + 4) × (1 + 3) = 28. ನೇರವಾಗಿ ಕೂಡಿದರೂ 1 + 2 + 3 + 4 + 6 + 12 = 28. ಆವರಣಗಳನ್ನು ಬಿಡಿಸಿ ಗುಣಿಸಿದಾಗ ಪ್ರತಿ ಭಾಜಕವೂ ಒಂದೇ ಒಂದು ಸಲ ಹೊರಬರುತ್ತದೆ, ಅದಕ್ಕೇ ಇದು ಸರಿಹೋಗುವುದು.

ನಮ್ಮದಕ್ಕೆ: 15 × 13 × 8 × 12 × 14 × 642 = 16,82,55,360.

ಮೊದಲ 15 ಬಂದದ್ದು 1 + 2 + 4 + 8ರಿಂದ, 13 ಬಂದದ್ದು 1 + 3 + 9ರಿಂದ. ಕೊನೆಯ ನಾಲ್ಕು ಆವರಣಗಳು ಆಯಾ ಅವಿಭಾಜ್ಯಕ್ಕೆ 1 ಕೂಡಿದ್ದು. ಈ ಮೊತ್ತದಿಂದ ಸಂಖ್ಯೆಯನ್ನೇ ಕಳೆದರೆ 12,20,57,208. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವೇ ಸಂಖ್ಯೆಯ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಇಂಥದನ್ನು ಸಮೃದ್ಧ ಸಂಖ್ಯೆ ಅನ್ನುತ್ತಾರೆ. ಈ ಮೊತ್ತ ಸಂಖ್ಯೆಗೆ ಸರಿಸಮ ಬಂದರೆ ಅದು ಪರಿಪೂರ್ಣ ಸಂಖ್ಯೆ. 6, 28, 496, 8128 ಅಂಥವು. ಎಂಟಂಕಿಯಲ್ಲಿ ಪರಿಪೂರ್ಣವಾದದ್ದು ಒಂದೇ ಒಂದು, 3,35,50,336. ಅದು 4096 × 8191. ಬಿಡುವಾದಾಗ ಆ ಸಂಖ್ಯೆಯ ಮೇಲೆ ಇದೇ ಆವರಣದ ಲೆಕ್ಕ ಮಾಡಿ ನೋಡಿ. 4096 ಅಂದರೆ 2¹², 8191 ಅವಿಭಾಜ್ಯ. ಉತ್ತರ ಸರಿಯಾಗಿ ಎರಡು ಪಟ್ಟು ಬಂದಾಗ ಆಗುವ ಖುಷಿಯನ್ನು ಹೇಳಿ ತಿಳಿಸಲಾಗದು.

ಜೊತೆ ಸೇರದ ಸಂಖ್ಯೆಗಳು

1ರಿಂದ 4,61,98,152ರ ತನಕ ಇರುವ ಸಂಖ್ಯೆಗಳಲ್ಲಿ ಇದರೊಂದಿಗೆ 1 ಬಿಟ್ಟರೆ ಬೇರೆ ಯಾವ ಸಾಮಾನ್ಯ ಅಪವರ್ತನವೂ ಇಲ್ಲದವು ಎಷ್ಟು? ಸಮ ಸಂಖ್ಯೆಗಳನ್ನು ತೆಗೆದರೆ ಅರ್ಧ ಉಳಿಯುತ್ತದೆ. ಅದರಲ್ಲಿ 3ರಿಂದ ಭಾಗವಾಗುವುದನ್ನು ತೆಗೆದರೆ ಮೂರರಲ್ಲಿ ಎರಡು ಪಾಲು, 7ಕ್ಕೆ ಏಳರಲ್ಲಿ ಆರು ಪಾಲು. ಹೀಗೇ ಮುಂದುವರಿಸಿದರೆ 4 × 6 × 6 × 10 × 12 × 640 = 1,10,59,200. ನೂರಕ್ಕೆ ಸುಮಾರು 24. ಇಲ್ಲಿ ಮೊದಲ 4 ಬಂದದ್ದು 8ರ ಅರ್ಧ, ಮುಂದಿನ 6 ಬಂದದ್ದು 9ರಲ್ಲಿ ಮೂರನೇ ಎರಡು ಪಾಲು, ಉಳಿದವು ಅವಿಭಾಜ್ಯಕ್ಕೆ ಒಂದು ಕಡಿಮೆ.

ವರ್ಗಗಳ ಜೊತೆಗಿನ ನಂಟು

ಪೂರ್ಣ ವರ್ಗ ಅಲ್ಲ ಎಂದು ಆಗಲೇ ಗೊತ್ತಾಗಿದೆ. ಆದರೂ ವರ್ಗಮೂಲ ಎಷ್ಟು? 68ರ ವರ್ಗ 4624, ಹಾಗಾಗಿ 6800ರ ವರ್ಗ 4,62,40,000. ನಮ್ಮ ಸಂಖ್ಯೆ ಇದಕ್ಕಿಂತ 41,848 ಕಡಿಮೆ. ಈ ಕೊರತೆಯನ್ನು 6800ರ ಎರಡು ಪಟ್ಟಿನಿಂದ, ಅಂದರೆ 13,600ರಿಂದ ಭಾಗಿಸಿದರೆ ಸುಮಾರು 3.08. ವರ್ಗಮೂಲ ಸುಮಾರು 6796.92. ಎರಡು ದಶಮಾಂಶದ ತನಕ ಇದು ಸರಿಯಾಗಿಯೇ ಇದೆ. 6797ರ ವರ್ಗ 4,61,99,209, ನಮ್ಮ ಸಂಖ್ಯೆ ಅದಕ್ಕಿಂತ 1,057 ಮಾತ್ರ ಕಡಿಮೆ.

ಅಪವರ್ತನಗಳಲ್ಲಿ ಒಂಟಿಯಾಗಿ ಉಳಿದವುಗಳನ್ನು ನೋಡಿ. 2 ಮೂರು ಸಲ ಇದೆ, ಹಾಗಾಗಿ ಒಂದು ಒಂಟಿ. 7, 11, 13, 641 ಎಲ್ಲವೂ ಒಂಟಿ. ಇವುಗಳ ಗುಣಲಬ್ಧ 12,83,282. ಇದರಿಂದ ಗುಣಿಸಿದರೆ ನಮ್ಮ ಸಂಖ್ಯೆ 76,99,692ರ ವರ್ಗವಾಗುತ್ತದೆ. ಇದರಿಂದಲೇ ಭಾಗಿಸಿದರೆ 36 ಸಿಗುತ್ತದೆ. ನಮ್ಮ ಸಂಖ್ಯೆಯೊಳಗೆ ಅಡಗಿರುವ ಅತಿ ದೊಡ್ಡ ವರ್ಗ ಅದೇ.

ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? ಪ್ರಯತ್ನಿಸಿ ನೋಡುವುದೇ ಬೇಡ. 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯಗಳು ಬೆಸ ಸಲ ಬಂದಿದ್ದರೆ ಆಗುವುದಿಲ್ಲ. ಇಲ್ಲಿ 7 ಮತ್ತು 11 ಎರಡೂ ಅಂಥವು, ಎರಡೂ ಒಂದೊಂದೇ ಸಲ ಇವೆ. 3 ಕೂಡ ಅಂಥದೇ, ಆದರೆ ಎರಡು ಸಲ ಇರುವುದರಿಂದ ಅದರ ತಕರಾರಿಲ್ಲ. ಮೂರು ವರ್ಗಗಳಾದರೆ ಆಗುತ್ತದೆ: 4ರಿಂದ ಆಗುವಷ್ಟು ಸಲ ಭಾಗಿಸಿ, ಉಳಿದದ್ದನ್ನು 8ರಿಂದ ಭಾಗಿಸಿದಾಗ ಶೇಷ 7 ಬರದಿದ್ದರೆ ಸಾಕು. ನಮಗೆ 4ರಿಂದ ಒಂದು ಸಲ ಭಾಗಿಸಿದಾಗ 1,15,49,538, ಅದರ ಶೇಷ 2. ನಾಲ್ಕು ವರ್ಗಗಳಾದರೆ ಯಾವ ಸಂಖ್ಯೆಗೂ ಆಗುತ್ತದೆ ಎಂದು ಗಣಿತಜ್ಞ ಲಗ್ರಾಂಜ್ 1770ರಲ್ಲಿ ಸಾಧಿಸಿ ತೋರಿಸಿದ್ದಾರೆ.

ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಎರಡೇ ಅಂಕಿ ಬಳಸಿ ಬರೆದರೆ, ಹೇಗಿರುತ್ತದೆ ಅನ್ನುವ ಕುತೂಹಲ ಇದ್ದರೆ: 10110000001110110110001000. ಒಟ್ಟು 26 ಅಂಕಿ, ಅದರಲ್ಲಿ ಹನ್ನೊಂದು 1. ಕೊನೆಯ ಮೂರು ಸೊನ್ನೆಗಳು 2³ ಅನ್ನು ತೋರಿಸುತ್ತವೆ.

641 ಯಾಕೆ ಬಂತು

ಈಗ ಮೊದಲೇ ಮಾತು ಕೊಟ್ಟದ್ದು. ಈ ಸಂಖ್ಯೆಯೊಳಗೆ 641 ಇರಲಿ ಎಂದೇ ನಾನು ಇದನ್ನು ಕಟ್ಟಿದೆ. ಸಂಖ್ಯೆಗಳ ಇತಿಹಾಸದಲ್ಲಿ 641ಕ್ಕೆ ದೊಡ್ಡ ಜಾಗ ಇದೆ. 3, 5, 17, 257, 65537 ಈ ಸಾಲನ್ನು ನೋಡಿ. 2ರ ಘಾತಕ್ಕೆ 1 ಕೂಡಿದವು ಇವು, ಘಾತಸೂಚಿ 1, 2, 4, 8, 16. ಐದೂ ಅವಿಭಾಜ್ಯ. ಮುಂದಿನವೂ ಹೀಗೇ ಇರುತ್ತವೆ ಎಂದು ಗಣಿತಜ್ಞ ಫರ್ಮಾ ನಂಬಿದ್ದರು. ಮುಂದಿನದು 2³² + 1, ಅಂದರೆ 4,29,49,67,297. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದರು: 641 × 67,00,417.

ಈ 2³² + 1ಕ್ಕೆ ಅವಿಭಾಜ್ಯ ಅಪವರ್ತನ ಇದ್ದರೆ ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು ಎಂದು ಅವರೇ ತೋರಿಸಿದರು. ಆ ಬಗೆಯ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೇ ಪ್ರಯತ್ನದಲ್ಲೇ ಬಾಗಿಲು ತೆರೆಯುತ್ತದೆ! ಸಂಖ್ಯೆಯ ಸ್ವಭಾವ ತಿಳಿದು ಹುಡುಕುವುದಕ್ಕೂ ಕುರುಡಾಗಿ ಭಾಗಿಸುವುದಕ್ಕೂ ಇರುವ ವ್ಯತ್ಯಾಸ ಇದು.

ಹತ್ತಂಕಿಯ ಆ ಸಂಖ್ಯೆಯನ್ನು ಮುಟ್ಟದೆಯೇ 641 ಅದನ್ನು ಭಾಗಿಸುತ್ತದೆ ಎಂದು ತೋರಿಸಬಹುದು. 641 = 5 × 128 + 1, ಅಂದರೆ 5 × 2⁷ + 1. ಹಾಗೆಯೇ 641 = 625 + 16, ಅಂದರೆ 5⁴ + 2⁴. ಈಗ 641ರಿಂದ ಭಾಗಿಸಿದ ಶೇಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಮೊದಲನೆಯದರಿಂದ 5 × 2⁷ ಇದ್ದ ಕಡೆ −1 ಬರೆಯಬಹುದು. ಅದರ ನಾಲ್ಕನೇ ಘಾತ ತೆಗೆದರೆ 5⁴ × 2²⁸ ಇದ್ದ ಕಡೆ 1. ಎರಡನೆಯದರಿಂದ 5⁴ ಇದ್ದ ಕಡೆ −2⁴ ಬರೆಯಬಹುದು. ಎರಡನ್ನೂ ಸೇರಿಸಿದರೆ −2³² ಮತ್ತು 1 ಎರಡರ ಶೇಷ ಒಂದೇ. ಅಂದರೆ 2³² + 1ರ ಶೇಷ ಸೊನ್ನೆ. ಮೂರು ಸಾಲಿನಲ್ಲಿ ಮುಗಿಯಿತು. ಇದನ್ನು ಮೊದಲ ಸಲ ಬರೆದು ನೋಡಿದ ದಿನ ನಾನು ಮತ್ತೆ ಮತ್ತೆ ಅದನ್ನೇ ಬರೆದಿದ್ದೆ.

ಎಲ್ಲ ಸಂಖ್ಯೆಗಳೂ ಹೀಗೆ ಒಲಿಯುವುದಿಲ್ಲ ಅನ್ನುವುದೂ ನೆನಪಿರಲಿ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ನೋಡಿ ಅವನ್ನು ಬಿಡಿಸುವುದು ಬಹಳ ಕಷ್ಟ. ಆರ್‌ಎಸ್‌ಎ ಎಂಬ ಗೂಢಲಿಪಿ ನಿಂತಿರುವುದೇ ಈ ಕಷ್ಟದ ಮೇಲೆ. ಸವಾಲಾಗಿ ಕೊಟ್ಟಿದ್ದ 250 ಅಂಕಿಗಳ ಒಂದು ಸಂಖ್ಯೆಯನ್ನು 2020ರಲ್ಲಿ ಒಡೆದರು, ಅದಕ್ಕೆ ಸಾವಿರಾರು ವರ್ಷಗಳಷ್ಟು ಕಂಪ್ಯೂಟರ್ ಸಮಯವನ್ನು ಅನೇಕ ಯಂತ್ರಗಳ ನಡುವೆ ಹಂಚಬೇಕಾಯಿತು.

ಪಕ್ಕದ ಮನೆಯ ಸಂಖ್ಯೆ

ಕೊನೆಗೆ ಒಂದು ಹೆಜ್ಜೆ ಮುಂದಿನ ಸಂಖ್ಯೆಯನ್ನು ತೆಗೆದುಕೊಳ್ಳಿ: 4,61,98,153. ಒಂದಷ್ಟೇ ಹೆಚ್ಚು. ಇದು ಕಲಿತದ್ದನ್ನು ಪರೀಕ್ಷಿಸಲು ಒಳ್ಳೆಯ ಅಭ್ಯಾಸ.

ಹಿಂದಿನ ಸಂಖ್ಯೆಯನ್ನು ಭಾಗಿಸಿದ ಯಾವ ಅವಿಭಾಜ್ಯವೂ ಇದನ್ನು ಭಾಗಿಸಲಾರದು, ಯಾಕೆಂದರೆ ಎಲ್ಲದರಲ್ಲೂ 1 ಉಳಿಯುತ್ತದೆ. ಹಾಗಾಗಿ 2, 3, 7, 11, 13 ಬೇಡ. ಕೊನೆಯಲ್ಲಿ 3 ಇರುವುದರಿಂದ 5 ಕೂಡ ಬೇಡ. 17ರಲ್ಲಿ 7 ಉಳಿಯುತ್ತದೆ, 19ರಲ್ಲಿ 14, 23ರಲ್ಲಿ 8, 29ರಲ್ಲಿ 22. 31ಕ್ಕೆ ಬಂದಾಗ ಸರಿಯಾಗಿ ಭಾಗವಾಗುತ್ತದೆ: 14,90,263. ಒಮ್ಮೆ ಸಿಕ್ಕಿದ ಅವಿಭಾಜ್ಯವನ್ನು ಮತ್ತೊಮ್ಮೆ ಹಾಕಿ ನೋಡಬೇಕು, ಇದನ್ನು ಮರೆಯುವವರೇ ಹೆಚ್ಚು. ಮತ್ತೆ ಭಾಗವಾಯಿತು: 48,073. ಮೂರನೇ ಸಲ 23 ಉಳಿಯಿತು.

ಇನ್ನು 48,073 ಒಂದೇ ಉಳಿದದ್ದು. ಅದರ ವರ್ಗಮೂಲ 219ಕ್ಕೆ ಹತ್ತಿರ. 37ರಿಂದ 211ರ ತನಕ 36 ಅವಿಭಾಜ್ಯಗಳಿವೆ, ಒಂದೊಂದನ್ನೇ ಹಾಕಬೇಕು. ಇಲ್ಲಿ ಉಪಾಯ ಏನೂ ಇಲ್ಲ, ತಾಳ್ಮೆ ಬೇಕು. 53ರಲ್ಲಿ ಬರೀ 2 ಉಳಿದು ಆಸೆ ಹುಟ್ಟಿಸುತ್ತದೆ. 101ರಲ್ಲಿ 98 ಉಳಿಯುತ್ತದೆ, 197ರಲ್ಲಿ 5. ಯಾವುದೂ ಸರಿಹೋಗುವುದಿಲ್ಲ.

ಹಾಗಾಗಿ 4,61,98,153 = 31² × 48,073. ಭಾಜಕಗಳು ಆರೇ ಆರು: 1, 31, 961, 48,073, 14,90,263 ಮತ್ತು ಅದೇ ಸಂಖ್ಯೆ. ಕೊನೆಯದನ್ನು ಬಿಟ್ಟು ಕೂಡಿದರೆ 15,39,329, ಸಂಖ್ಯೆಯ ಮೂವತ್ತರಲ್ಲಿ ಒಂದು ಪಾಲು. 192 ಭಾಜಕಗಳಿರುವ ಸಂಖ್ಯೆಯ ಪಕ್ಕದಲ್ಲೇ ಇದು ಕೂತಿದೆ.

ಕೊನೆಯ ಭಾಗಾಕಾರ ಹೀಗಿತ್ತು: 211 × 227 = 47,897, ಶೇಷ 176. ಮುಂದಿನ ಅವಿಭಾಜ್ಯ 223. ಅದರ ವರ್ಗ 49,729, ಅದು 48,073 ಅನ್ನು ದಾಟಿಬಿಟ್ಟಿತು. ಅಲ್ಲಿಗೆ ಪೆನ್ನು ಕೆಳಗಿಡಬಹುದು.